ಸತ್ತೆಪ್ಪನವರ ವಿಲಾಯತಿ ಮುದುಕ

ಬೆಳಕು ಹರಿಯುವ ಹೊತ್ತು. ಕೊಗನೊಳ್ಳಿಯ ಮದುವೆ ಮನೆಯೆದುರಿನ ಬೇವಿನ ಮರದಲ್ಲಿ ಸತ್ತೆಪ್ಪನವರು ವೈರನ್ನು ಹಲ್ಲಲ್ಲಿ ಕಚ್ಚಿಕೊಂಡು ಧ್ವನಿವರ್ಧಕದ ಭೋಂಗಾ ಕಟ್ಟುತ್ತಿದ್ದಾರೆ. ಕೆಳಗಿಳಿದು ಕಿವಿಗೊಟ್ಟು ಕೇಳಿ, ಆಂಪ್ಲಿಫೈಯರಿನ ಗುಂಡಿಯನ್ನು ಒಂದಿಷ್ಟೇ ತಿರುಗಿಸುತ್ತಾರೆ. ಸನಾದಿ ಶುರುವಾಗುತ್ತದೆ. ಬೀಗರು ಚಹಾ ಕುಡಿಯುತ್ತಾರೆ. ಮರ ಹತ್ತಿದ್ದವರು ಯಾರೆಂದು ಯಾರೂ ಕೇಳುವುದಿಲ್ಲ.

ನಿಪ್ಪಾಣಿಯಲ್ಲಿ ಅವರದೊಂದು ಸಣ್ಣ ಮೈಕ್‌ಸೆಟ್ ಅಂಗಡಿ. ಭೋಜ ಗ್ರಾಮದ ಭೀಮ ಜಯಂತಿಯಿಂದ ಹಾರೂಗೇರಿಯ ಚುನಾವಣಾ ಸಭೆಯವರೆಗೆ ದನಿ ಇವರದು, ಮಾತು ಬೇರೆಯವರದು. ಭಾನುವಾರ ಮಾತ್ರ ಅಂಗಡಿಯಲ್ಲಿ ತಮಗಿಷ್ಟವಾದದ್ದನ್ನು ಹಚ್ಚುತ್ತಾರೆ: ಇಂಗ್ಲೆಂಡಿನ ಹಳೆಯ ಬ್ಲೂಸ್-ರಾಕ್. ಅಮೆರಿಕದ ಕಪ್ಪು ಕೂಲಿಕಾರರ ದುಃಖದ ಹಾಡನ್ನು ಇಂಗ್ಲಿಷರು ಕರೆಂಟಿನ ಗಿಟಾರಿಗೆ ಏರಿಸಿದ ಸಂಗೀತ ಅದು. 2003ರಲ್ಲಿ ತಂಬಾಕು ಸಾಹುಕಾರರೊಬ್ಬರ ಬಂಗಲೆಯ ವೈರಿಂಗ್ ಬಿಚ್ಚಲು ಹೋದಾಗ, ಬೇಕಾದರೆ ಒಯ್ಯಿ ಎಂದು ಒಂದು ಪೆಟ್ಟಿಗೆ ರೆಕಾರ್ಡು, ಹಳೆಯ ಪ್ಲೇಯರ್ ಕೊಟ್ಟರಂತೆ. ರುಚಿ ಹತ್ತಿತು. ಇಂಗ್ಲಿಷ್ ಓದಲು ಬಾರದಿದ್ದರೂ ಕೊಲ್ಹಾಪುರ, ಮಿರಜಿನ ಗುಜರಿ ಅಂಗಡಿಗಳನ್ನು ಜಾಲಾಡಿ, ಕವರಿನ ಚಿತ್ರ ನೋಡಿಯೇ ಮತ್ತಷ್ಟು ಕೂಡಿಸಿದರು. ಪ್ಲೇಯರಿಗೆ ತಟ್ಟೆ ತಿರುಗಿಸುವ ಬೆಲ್ಟ್ ಇರಲಿಲ್ಲ. ಸೈಕಲ್ ಟ್ಯೂಬ್ ಕತ್ತರಿಸಿ ಹಾಕಿಕೊಂಡರು.

ಒಂದು ರೆಕಾರ್ಡಿನ ಹಾಡುಗಾರನ ದನಿ ಬಲು ಭಾರ. ಅವನಿಗೆ ವಿಲಾಯತಿ ಮುದುಕ ಎಂದು ಹೆಸರಿಟ್ಟರು. ಅದೇ ಓಣಿಯ ಪದ್ಮವ್ವ ಬೀಡಿ ಕಟ್ಟುವವರು. ಗಂಡ ತೀರಿಕೊಂಡ ಮೇಲೆ ಮಾತೇ ಬಿಟ್ಟಿದ್ದರು. ಒಂದು ಭಾನುವಾರ ಅಂಗಡಿಯ ಬಾಗಿಲಲ್ಲಿ ನಿಂತು, ಈತ ಯಾಕೆ ಅಳುತ್ತಾನೆ ಎಂದು ಕೇಳಿದರು. ಸತ್ತೆಪ್ಪನವರಿಗೇನು ಗೊತ್ತು? "ಹೆಂಡ್ತಿ ಸತ್ತಾಳಕ್ಕಾ, ಅದಕ್ಕ," ಎಂದುಬಿಟ್ಟರು. ಅಂದಿನಿಂದ ಪ್ರತಿ ಭಾನುವಾರ ಪದ್ಮವ್ವ ಬೀಡಿಯ ಮೊರ ಹಿಡಿದು ಬಂದು ಕೂರತೊಡಗಿದರು. ದೂರದೇಶದಲ್ಲೂ ತನ್ನಂತೆಯೇ ಒಂಟಿಯಾದ ಜೀವವೊಂದಿದೆ ಎಂಬುದೇ ಆಕೆಗೆ ಆಸರೆ. ಹೀಗೆ ವರ್ಷಗಳು ಕಳೆದವು.

2016ರಲ್ಲಿ, ಚಿಕ್ಕೋಡಿಯಲ್ಲಿ ನೌಕರಿ ಮಾಡುವ ಸತ್ತೆಪ್ಪನವರ ಮಗಳು ನೀಲಮ ಕವರಿನ ಹೆಸರನ್ನು ಮೊಬೈಲಿನಲ್ಲಿ ಹುಡುಕಿ ಅದೇ ಹಾಡು ಹಚ್ಚಿದಳು. ಇದು ಬೇರೆ ಯಾರೋ ಎಂದು ಅಪ್ಪ ವಾದಕ್ಕಿಳಿದರು. ಎರಡನ್ನೂ ಒಟ್ಟಿಗೆ ಹಚ್ಚಿದರು. ಪದ ಅವೇ, ಗಿಟಾರು ಅದೇ. ಮೊಬೈಲಿನ ಹಾಡು ಮುಗಿದರೂ ಮುದುಕ ಇನ್ನೂ ನರಳುತ್ತಲೇ ಇದ್ದ. ಟ್ಯೂಬಿನ ಬೆಲ್ಟ್ ಜಾರಿ ರೆಕಾರ್ಡು ಇಷ್ಟು ವರ್ಷ ನಿಧಾನವಾಗಿ ತಿರುಗಿತ್ತು, ಅದಕ್ಕೇ ದನಿ ಅಷ್ಟು ಭಾರ. ಮುದುಕ ಮುದುಕನಲ್ಲ, ಮೀಸೆ ಚಿಗುರಿದ ಹುಡುಗ.

"ತಲಿ ಎತ್ತಾಕ ಆಗಲಿಲ್ರಿ," ಎನ್ನುವಾಗ ಸತ್ತೆಪ್ಪನವರ ದನಿ ಇಳಿಯುತ್ತದೆ. "ಊರಮಂದಿ ಸೌಂಡ್ ಸರಿ ಮಾಡಾಂವ ನಾ. ನನ್ನ ಅಂಗಡ್ಯಾಗಿನ ತಪ್ಪು ನನ್ನ ಕಿವಿಗೇ ಬೀಳಲಿಲ್ಲ."

ಅದಕ್ಕಿಂತ ಹೆಚ್ಚು ನಾಚಿಕೆಯಾದದ್ದು ಪದ್ಮವ್ವನನ್ನು ನೆನೆದು. ಆಕೆಯ ಸಮಾಧಾನವನ್ನು ಕಿತ್ತುಕೊಳ್ಳುವುದು ಹೇಗೆ? ಪ್ಲೇಯರಿನ ಸೂಜಿ ಸವೆದಿದೆ ಎಂದು ಸುಳ್ಳು ಹೇಳಿ ಕೆಲವು ಭಾನುವಾರ ಅಂಗಡಿ ಮುಚ್ಚಿದರು. ಆಕೆ ಮೊರ ಹಿಡಿದು ಬಂದು, ನಿಂತು, ತಿರುಗಿ ಹೋಗುವುದನ್ನು ಬಾಗಿಲ ಸಂದಿಯಿಂದ ನೋಡಿದರು. ಕೊನೆಗೆ ಕೊಲ್ಹಾಪುರದಿಂದ ಸರಿಯಾದ ಬೆಲ್ಟ್ ತಂದು, ಆಕೆಯನ್ನು ಕರೆದು ಕೂರಿಸಿ, ಬೆಲ್ಟಿನ ಕಥೆ ಹೇಳಿ ಹಾಡು ಹಚ್ಚಿದರು.

ಪದ್ಮವ್ವ ಕೈಯಲ್ಲಿನ ಎಲೆ ಕೆಳಗಿಟ್ಟು ಕೊನೆಯವರೆಗೂ ಕೇಳಿದರು.

"ಇಷ್ಟ ಸಣ್ಣ ವಯಸ್ಸಿನಾಗ ಹೆಂಡ್ತಿ ಹೋದ್ಲೇನ, ಪಾಪ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ಸತ್ತೆಪ್ಪನವರು ನೆಲ ನೋಡುತ್ತ ಹೇಳಿದರು: "ಗೊತ್ತಿಲ್ಲಕ್ಕಾ. ಮೊದಲೂ ಗೊತ್ತಿರಲಿಲ್ಲ."

ಪದ್ಮವ್ವ ಮೊರ ಎಳೆದುಕೊಂಡರು.

"ಇನ್ನೊಮ್ಮೆ ಹಚ್ಚು ತಮ್ಮಾ. ಈ ಸಲ ನೀ ಏನೂ ಹೇಳಬ್ಯಾಡ."