ಹುಲ್ಲುಗುಡ್ಡಕ್ಕೆ ಬೆಂಕಿ ಇಟ್ಟ ಮಿಸಾವೊ

ನಮ್ಮ ಬೆಟ್ಟದೂರು ತೊಚಿಹಾರಾದಲ್ಲಿ ಇರುವುದೇ ಏಳು ಮನೆ. ಆರಕ್ಕೆ ತಗಡಿನ ಮಾಡು, ಒಂದಕ್ಕೆ ಮಾತ್ರ ಹುಲ್ಲಿನದು. ಆ ಹುಲ್ಲುಮನೆ ಮಿಸಾವೊಳದು. ಗಂಡ ಇವಾವೊ ಮನೆಅಳಿಯನಾಗಿ ಬಂದವನು. ಯಾರು ಏನು ಕೇಳಿದರೂ, "ನನ್ನೇನ್ ಕೇಳ್ತೀರಿ, ಮನೆ ಅವಳದು" ಎಂದು ಸಿಗರೇಟು ಹಚ್ಚುವ ಆಸಾಮಿ. ಮಿಸಾವೊ ಹಾಗಲ್ಲ. ಅರುವತ್ತು ತುಂಬಿದರೂ ಹಿಡಿದ ಹಟ ಬಿಟ್ಟಿದ್ದನ್ನು ಯಾರೂ ಕಂಡಿಲ್ಲ.

ಊರ ಮೇಲಿನ ಗುಡ್ಡದ ಹುಲ್ಲನ್ನು ಅವಳು ಶರತ್ಕಾಲದಲ್ಲಿ ಕೊಯ್ದು, ಕಟ್ಟು ಕಟ್ಟಿ ಒಣಗಿಸಿ, ಮಾಡಿನ ಒಂದೊಂದು ಮಗ್ಗುಲನ್ನು ಸರದಿಯಂತೆ ಹೊದಿಸುತ್ತಾಳೆ. ಒಳಗೆ ಒಲೆಯ ಹೊಗೆ ತಾಗುತ್ತಿದ್ದರೆ ಹುಲ್ಲಿಗೆ ಹುಳ ಹಿಡಿಯುವುದಿಲ್ಲ. ಮಳೆ ಹಿಮ ತಡೆದು ತಡೆದು ಕೊನೆಗೆ ಕೊಳೆತ ಹುಲ್ಲು ಮೂಲಂಗಿ ಪಾತಿಗೆ ಗೊಬ್ಬರ. ಇದರಲ್ಲಿ ಎಸೆಯುವಂಥದ್ದು ಏನಿದೆ ಹೇಳಿ? ತಗಡು ತುಕ್ಕು ಹಿಡಿದರೆ ಯಾವ ಮೂಲಂಗಿ ಅದನ್ನು ತಿಂದೀತು?

ಎರಡು ವರ್ಷದ ಹಿಂದೆ ಪಟ್ಟಣದ ಕಂಪನಿಯೊಂದು ಗುಡ್ಡದ ಮೇಲೆ ಕಣ್ಣು ಹಾಕಿತು. ಗುಡ್ಡದ ತುಂಬ ಸೋಲಾರ್ ಫಲಕ ಹಾಸುತ್ತೇವೆ, ಮನೆಮನೆಗೂ ಬಾಡಿಗೆ ಕೊಡುತ್ತೇವೆ ಎಂದರು. ಗುಡ್ಡ ಯಾರೊಬ್ಬನದೂ ಅಲ್ಲ, ಊರಿನದು. ಏಳು ಮನೆಯೂ ಹೂಂ ಅನ್ನದೆ ಅಲ್ಲಿ ಒಂದು ಗೂಟವನ್ನೂ ನೆಡುವಂತಿಲ್ಲ. ಅದು ತಾತಂದಿರ ಕಾಲದ ಕಟ್ಟಳೆ. ಆರು ಮನೆ ಹೂಂ ಅಂದವು. ಮಿಸಾವೊ ಉಹೂಂ ಅಂದಳು.

ಊರಿನ ಮುಖ್ಯಸ್ಥ ಕನೆಕಿಚಿ ಅವಳ ಜೊತೆ ಶಾಲೆಗೆ ಹೋದವನು. ಮನೆಗೇ ಬಂದು ಕೂತ.

"ಊರಿಗೆ ಒಂದು ದಾರಿ ಆದ್ರೆ ನಿಂದೇ ಒಂದು ದಾರಿ ಅಲ್ವೇನೇ? ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಅಂದ ಹಾಗಾಯ್ತು ನಿನ್ನ ಹುಲ್ಲಿನ ಮಾಡು."

"ಹೊಟ್ಟೆಗೆ ಹಿಟ್ಟು ಇದೆ ಕಣೋ. ನಿಂಗೂ ಬೇಕಾದ್ರೆ ಬಡಿಸ್ತೀನಿ, ಉಂಡು ಹೋಗು. ಗುಡ್ಡ ಮಾತ್ರ ಕೇಳ್ಬೇಡ."

ಅವನು ಉಣ್ಣದೆ ಎದ್ದುಹೋದ. ಅಂದಿನಿಂದ ಊರು ಆ ಮನೆಯನ್ನು ಬಿಟ್ಟಿತು. ಎದುರಿಗೆ ಸಿಕ್ಕರೆ ಮುಖ ತಿರುಗಿಸಿದರು. ಉಪ್ಪಿನಕಾಯಿಯ ಬಟ್ಟಲು ಬೇಲಿ ದಾಟುವುದು ನಿಂತಿತು. ದಾರಿಯ ಹಿಮ ಎತ್ತುವವರು ಅವಳ ಅಂಗಳದ ಗಡಿಗೆ ಬಂದು ಸಲಿಕೆ ನಿಲ್ಲಿಸಿದರು. ಮಿಸಾವೊಗೆ ನೋವಾಗಲಿಲ್ಲ ಎಂದರೆ ಸುಳ್ಳಾದೀತು. ಪಕ್ಕದ ಮನೆಯ ಯಸುಯೊ ಮಾತು ಬಿಟ್ಟದ್ದಕ್ಕೆ ಒಲೆಯ ಮುಂದೆ ಕೂತು ಅತ್ತಳು. ಅತ್ತು, ಮೂಗು ಒರೆಸಿಕೊಂಡು, ಇನ್ನೂ ಗಟ್ಟಿಯಾದಳು.

ಕನೆಕಿಚಿಯ ನಿಜವಾದ ಪಟ್ಟು ವಸಂತಕ್ಕೆ ಬಯಲಾಯಿತು. ಹಿಮ ಕರಗಿದ ಮೇಲೆ ಊರೆಲ್ಲ ಸೇರಿ ಗುಡ್ಡದ ಹಳೇ ಹುಲ್ಲನ್ನು ಸುಡಬೇಕು. ಸುಟ್ಟರೆ ಹೊಸ ಹುಲ್ಲು, ಬಿಟ್ಟರೆ ಮುಳ್ಳು, ಮುಳ್ಳಿನ ಹಿಂದೆ ಮರ. ಈ ಸಲ ಯಾರೂ ಹೋಗಕೂಡದು ಎಂದು ಅವನು ಸಾರಿಬಿಟ್ಟ. ನಾಲ್ಕು ವರ್ಷ ಸುಡದಿದ್ದರೆ ಹುಲ್ಲೇ ಇರುವುದಿಲ್ಲ, ಆಮೇಲೆ ಅವಳು ಯಾವುದಕ್ಕೆ ಉಹೂಂ ಅಂತಾಳೆ? ಕೆಟ್ಟ ಬುದ್ಧಿ, ಆದರೆ ಬುದ್ಧಿಯೇ. ಇಬ್ಬರಿಂದ ಸುಡಲಾಗುವ ಗುಡ್ಡ ಅದಲ್ಲ.

ಬಹಿಷ್ಕಾರಕ್ಕೂ ನಮ್ಮಲ್ಲಿ ಒಂದು ಕಟ್ಟಳೆ ಇದೆ. ಊರು ಬಿಟ್ಟ ಮನೆಗೆ ಮದುವೆಗೆ ಹೋಗಬೇಕಿಲ್ಲ, ಕಾಯಿಲೆಗೆ ಹೋಗಬೇಕಿಲ್ಲ. ಸಾವಿಗೆ ಮತ್ತು ಬೆಂಕಿಗೆ ಮಾತ್ರ ಹೋಗಲೇಬೇಕು.

"ಸಾಯೋಕೆ ನಂಗೆ ಪುರುಸೊತ್ತಿಲ್ಲ," ಎಂದಳು ಮಿಸಾವೊ ಗಂಡನಿಗೆ. "ಉಳಿದಿದ್ದು ಬೆಂಕಿ."

"ಅಯ್ಯೋ ದೇವ್ರೇ," ಎಂದ ಇವಾವೊ. ಎಂದವನು ಬಕೆಟ್ ಹುಡುಕಲು ಹೋದ.

ಗಂಡ ಹೆಂಡತಿ ಸೇರಿ, ಬೆಂಕಿ ದಾಟದಿರಲೆಂದು, ಗುಡ್ಡದ ಅಂಚಿನುದ್ದಕ್ಕೂ ಹುಲ್ಲು ಕೆರೆದು ನೆಲ ಬರಿದು ಮಾಡಿದರು. ಗಾಳಿಯಿಲ್ಲದ ಒಂದು ಬೆಳಿಗ್ಗೆ ಮಿಸಾವೊ ಬುಡದಲ್ಲಿ ಕಡ್ಡಿ ಗೀರಿದಳು. ತಪ್ಪಾದದ್ದು ಅಲ್ಲೇ. ಊರಲ್ಲಿ ಬೆಂಕಿ ಹಚ್ಚುವುದು ಗಂಡಸರ ಕೆಲಸ, ಅಂಚು ಕಾಯುವುದು ಹೆಂಗಸರದು. ಮನೆಅಳಿಯನ ಕೈಗೂ ಯಾರೂ ಕಡ್ಡಿ ಕೊಟ್ಟಿರಲಿಲ್ಲ. ಮೇಲಿನಿಂದ ಹಚ್ಚಿ ನಿಧಾನವಾಗಿ ಕೆಳಗಿಳಿಸಬೇಕಾದ ಬೆಂಕಿ ಬುಡದಿಂದ ಭುಗ್ಗೆಂದು ಮೇಲಕ್ಕೆ ಓಡಿತು. ಆ ಓಟಕ್ಕೆ ಕೆರೆದ ಅಂಚು ಸಾಲದು. ತುದಿಯಲ್ಲಿ ಇದ್ದದ್ದು ಕನೆಕಿಚಿಯ ದೇವದಾರು ತೋಪು.

ಅವಳು ಇಳಿದು ಓಡಿ ಊರ ನಡುವಿನ ಬೆಂಕಿಗಂಟೆಯನ್ನು ತೋಳು ಬಿದ್ದುಹೋಗುವಂತೆ ಬಾರಿಸಿದಳು. ಆರು ಮನೆಯ ಬಾಗಿಲೂ ತೆರೆದವು.

"ಮನೆಹಾಳಿ! ನೀನೇ ಹಚ್ಚಿದ್ಯಾ?" ಕನೆಕಿಚಿ ಓಡುತ್ತಲೇ ಕೂಗಿದ.

"ಹೌದು, ನಾನೇ! ಹಚ್ಚಿದ್ದು ಯಾರು ಅಂತ ಕಟ್ಟಳೇಲಿ ಕೇಳಿಲ್ಲ. ಬಾ, ಆರ್ಸು!"

ಬೈಯುತ್ತ ಬೈಯುತ್ತಲೇ ಜನ ಹಸಿ ಕೊಂಬೆ ಮುರಿದುಕೊಂಡು ಸಾಲು ನಿಂತರು. ಯಾರಿಗೂ ಜಾಗ ಹೇಳಿಕೊಡಬೇಕಾಗಿರಲಿಲ್ಲ. ವರ್ಷವೂ ನಿಂತ ಜಾಗ. ಕನೆಕಿಚಿ ತುದಿಗೆ ಹತ್ತಿ ಎದುರುಬೆಂಕಿ ಇಟ್ಟ. ಎರಡು ಬೆಂಕಿ ನಡುಗುಡ್ಡದಲ್ಲಿ ಕೂಡಿ, ತಿನ್ನಲು ಏನೂ ಸಿಗದೆ ಸತ್ತವು. ದೇವದಾರು ಉಳಿಯಿತು. ಗುಡ್ಡ ಪೂರ್ತಿ ಸುಟ್ಟಿತ್ತು, ಹುಲ್ಲಿಗೆ ಹೇಗೆ ಬೇಕೋ ಹಾಗೆ.

ಕಪ್ಪು ಮುಖ ಹೊತ್ತು ಎಲ್ಲರೂ ಅಲ್ಲೇ ಕುಸಿದರು. ಯಸುಯೊ ಮನೆಗೆ ಹೋಗಿ ತಂದ ಅನ್ನದ ಉಂಡೆಗಳನ್ನು ಹಂಚಿ, ಎರಡನ್ನು ಮಿಸಾವೊಳ ಪಕ್ಕದ ಕಲ್ಲಿನ ಮೇಲಿಟ್ಟಳು. ಮಾತಾಡುವಂತಿಲ್ಲವಲ್ಲ, ಕಲ್ಲಿಗೇ ಹೇಳಿದಳು: "ಯಾರಾದ್ರೂ ತಿನ್ನೋರಿದ್ರೆ ತಿನ್ಲಿ." ಮಿಸಾವೊ ಒಂದನ್ನು ಗಂಡನಿಗೆ ಕೊಟ್ಟು, ಒಂದನ್ನು ಮಸಿಗೈಯಲ್ಲೇ ತಿಂದಳು.

ಕನೆಕಿಚಿ ಎದುರಿಗೆ ಬಂದು ನಿಂತ.

"ಎಲ್ರೂ ಇದ್ದಾರೆ. ಈಗ್ಲಾದ್ರೂ ಹೂಂ ಅಂತೀಯಾ?"

"ಉಹೂಂ."

"ಬರೋ ವರ್ಷ ಏನ್ಮಾಡ್ತೀಯೇ?"

"ಮತ್ತೆ ಬೆಂಕಿ ಇಡ್ತೀನಿ. ಬರ್ದೇ ಇರಿ ನೋಡೋಣ."

ಯಾರೋ ಕಿಸಕ್ಕನೆ ನಕ್ಕರು. ಕನೆಕಿಚಿ ಅತ್ತ ಕೆಂಗಣ್ಣು ಬಿಟ್ಟ. ಆಮೇಲೆ ತಲೆಯೆತ್ತಿ, ಕೆಳಗಿನ ಕೊಂಬೆಗಳೆಲ್ಲ ಕಂದಿಹೋದ ತನ್ನ ದೇವದಾರುಗಳನ್ನು ಬಹಳ ಹೊತ್ತು ನೋಡಿದ.

"ಮೇಲಿಂದ ಹಚ್ಬೇಕು ಅನ್ನೋದೂ ಗೊತ್ತಿಲ್ಲ ಈ ಪೆದ್ದಿಗೆ," ಎಂದ. "ನೀನು ಕಡ್ಡಿ ಮುಟ್ಬೇಡ. ಬರೋ ವರ್ಷ ನಾನೇ ಹಚ್ತೀನಿ."