ಒತ್ತಬಾರದ ಮಾಲೀಷು

ನೋವಾಗದ ಮಾಲೀಷನ್ನು ಮಾಲೀಷೆಂದು ಒಪ್ಪಿಕೊಳ್ಳಲು ನನಗೆ ಬಹಳ ಕಷ್ಟವಾಯಿತು. ನಮ್ಮ ಕಡೆ ಹರಳೆಣ್ಣೆ ಸುರಿದು, ಮೂಳೆಗೆ ತಾಕುವಂತೆ ತಿಕ್ಕಿ, ಮಲಗಿದವರು ಒಮ್ಮೆಯಾದರೂ ನರಳಿದರೆ ಮಾತ್ರ ತಿಕ್ಕಿದವರಿಗೆ ಸಮಾಧಾನ.

ನನ್ನ ಎದೆಯ ಗಡ್ಡೆ ತೆಗೆದಾಗ ಎಡ ಕಂಕುಳಿನ ಕೆಲವು ಗ್ರಂಥಿಗಳನ್ನೂ ತೆಗೆದರು. ಆಮೇಲೆ ಎಡತೋಳು ಮೆಲ್ಲಗೆ ಊದತೊಡಗಿತು. ಎಷ್ಟು ಎಂದು ಕೇಳಬೇಡಿ. ನನ್ನ ನೆನಪು ಕೇಳಿದವರ ಮುಖ ನೋಡಿಕೊಂಡು ಅಳತೆ ಹೇಳುತ್ತದೆ. ಆದ್ದರಿಂದ ನೆನಪನ್ನು ಬದಿಗಿಟ್ಟು, ಆಪರೇಷನ್ನಿಗೆ ಮುಂಚೆ ಹೊಲಿಸಿದ್ದ ಒಂದು ಹಸಿರು ರವಿಕೆಯನ್ನು ಸಾಕ್ಷಿಯಾಗಿ ಹಿಡಿದಿದ್ದೇನೆ. ಅದರ ಎಡ ತೋಳಿನೊಳಕ್ಕೆ ನನ್ನ ಕೈ ಮತ್ತೆ ಹೋಗಬೇಕು. ಟೈಲರ್ ಅದೊಂದನ್ನೇ ಅಗಲ ಮಾಡಿಕೊಡುತ್ತೇನೆಂದ. ರವಿಕೆ ಕಿತ್ತುಕೊಂಡು ಬಂದೆ.

ಮೇಲೂರಿನ ನಮ್ಮ ಮನೆಯಲ್ಲಿ ರೇಷ್ಮೆಹುಳ ಸಾಕುವವರು ಅತ್ತಿಗೆ. ಊರಿನ ಬಾಣಂತಿಯರಿಗೆ ಎಣ್ಣೆ ತಿಕ್ಕುವವರೂ ಅವರೇ. "ನೀರು ತುಂಬ್ಕೊಂಡೈತೆ ಕಣಮ್ಮ, ಹಿಂಡಿದ್ರೆ ಇಳೀತದೆ" ಎಂದು ಒದ್ದೆ ಸೀರೆ ಹಿಂಡುವಂತೆ ಹಿಂಡಿದರು. ಮಾರನೆಯ ದಿನ ತೋಳು ಇನ್ನಷ್ಟು ಬಿಗಿದುಕೊಂಡಿತ್ತು. ಡಾಕ್ಟರು ಇಬ್ಬರನ್ನೂ ಬೈದು, ಚಿಕ್ಕಬಳ್ಳಾಪುರದ ಒಬ್ಬ ಫಿಸಿಯೋಥೆರಪಿ ಹುಡುಗಿಯ ಬಳಿ ಕಳಿಸಿದರು.

ಚಿಂತಾಮಣಿಯ ಹುಡುಗಿ, ಮಾತಿನಲ್ಲಿ ತೆಲುಗು ನುಸುಳುತ್ತಿತ್ತು. ಎಣ್ಣೆ ಮುಟ್ಟಲಿಲ್ಲ. "ನೊಪ್ಪಿ ಆದ್ರೆ ಹೇಳ್ಬಿಡಿ ಮೇಡಂ, ನೋವಾಗೋ ಹಂಗೇ ಇಲ್ಲ ಇದು" ಎಂದು ಕತ್ತಿನ ಬುಡದಿಂದ ಶುರುಮಾಡಿದಳು. ದೀರ್ಘವಾಗಿ ಉಸಿರಾಡಿಸಿದಳು. ಆಮೇಲೆ ಬಲ ಕಂಕುಳು, ಎದೆಯ ಮೇಲ್ಭಾಗ. ಊದಿದ ತೋಳಿನ ಸರದಿ ಕೊನೆಗೆ. ತೋಳಿನ ನೀರು ಹರಿಯುವ ದಾರಿ ಮುಂದೆ ತೆರವಾಗಿರಬೇಕಂತೆ. ಪಂಡಿತರು ಈ ನೀರಿಗೆ ದುಗ್ಧರಸವೆಂದು ಹಾಲಿನ ಹೆಸರಿಟ್ಟಿದ್ದಾರೆ. ರಕ್ತಕ್ಕಿರುವಂತೆ ಇದನ್ನು ತಳ್ಳಲು ಹೃದಯವಿಲ್ಲ. ಚರ್ಮದಡಿಯಲ್ಲೇ ಹರಿಯುವ ಇದನ್ನು ಅದುಮದೆ, ಚರ್ಮವನ್ನಷ್ಟೇ ತುಸು ಎಳೆದು ಬಿಟ್ಟು ದಾರಿ ತೋರಿಸಬೇಕು.

ಪಕ್ಕದಲ್ಲಿ ನಿಂತಿದ್ದ ಅತ್ತಿಗೆಗೆ ತಡೆಯಲಾಗಲಿಲ್ಲ. "ಇನ್ನೂ ಶುರು ಮಾಡಿಲ್ವೇನಮ್ಮ?"

"ಮುಗೀತಾ ಬಂತು ಆಂಟಿ."

ಕೊನೆಗೆ ತೋಳಿಗೆ ಬ್ಯಾಂಡೇಜು ಸುತ್ತಿದಳು. ತೋಳು ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ, ಸವರುವುದನ್ನು ಬಿಟ್ಟು ಡಾಕ್ಟರ ಬಳಿ ಓಡಬೇಕೆಂದಳು. ಪೂರ್ತಿ ಇಳಿಯುತ್ತದೆಂದು ಮಾತು ಕೊಡಲಿಲ್ಲ. ನನಗೆ ನಿದ್ದೆ ಬಂದಂತಾಗಿತ್ತು, ಅಷ್ಟೇ. ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು, ಈ ಊತವನ್ನು ಗೆಲ್ಲುತ್ತೇನೆಂದು ನಿಶ್ಚಯಿಸಿದೆ ಎಂಬುದು ನನ್ನ ನೆನಪು. ಗೊರಕೆ ಹೊಡೆದೆ ಎಂಬುದು ಅತ್ತಿಗೆಯದು.

ಮನೆಯಲ್ಲಿ ಸವರುವ ಕೆಲಸ ಅತ್ತಿಗೆಯ ಪಾಲಿಗೆ ಬಂತು. ಹುಡುಗಿ ಎಷ್ಟು ಹೇಳಿಕೊಟ್ಟಿದ್ದರೂ, ನಾಲ್ಕು ಸಲ ಸವರಿದ ಕೈ ಐದನೆಯ ಸಲಕ್ಕೆ ಹಳೆಯ ಚಾಳಿಗೆ ಬಿದ್ದು ಅದುಮಿಬಿಡುತ್ತಿತ್ತು. ನಾನು ಕಿರುಚುವುದು, ಅವರು ಮುನಿಸಿಕೊಳ್ಳುವುದು. ಹೀಗಿರುವಾಗ ಹುಳ ಮೇವು ಬಿಟ್ಟು ಹಣ್ಣಾಯಿತು. ಸೊಪ್ಪಿನ ನಡುವಿನಿಂದ ಒಂದೊಂದನ್ನೇ ಎತ್ತಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದರು ಅತ್ತಿಗೆ. ಹಣ್ಣು ಹುಳವನ್ನು ಅದುಮಿದರೆ ಅದು ಗೂಡು ಕಟ್ಟುವುದಿಲ್ಲ. ನೋಡುತ್ತ ನಿಂತಿದ್ದವಳು ಹೇಳಿದೆ:

"ಅತ್ತಿಗೆ, ನನ್ನ ಕೈನೂ ಹಿಂಗೇ ಮುಟ್ಟಿ."

"ನಿಂದು ಹುಳ ಅಂತ ಮೊದ್ಲೇ ಹೇಳ್ಬಾರ್ದಾ? ಇಷ್ಟು ದಿನ ಮನುಷ್ಯರ ತೋಳು ಅಂದ್ಕೊಂಡಿದ್ದೆ."

ಅಂದಿನಿಂದ ಅವರು ಅದುಮಿಲ್ಲ. ಇದು ಹೊಳೆದದ್ದು ತಮಗೇ ಎಂದು ಈಗ ಊರಿಗೆಲ್ಲ ಹೇಳುತ್ತಿದ್ದಾರೆ, ಇರಲಿ.

ನಿನ್ನೆ ಹಸಿರು ರವಿಕೆ ತೊಟ್ಟು ನೋಡಿದೆ. ಮೊದಲು ಮೊಣಕೈಯ ಕೆಳಗೇ ನಿಲ್ಲುತ್ತಿದ್ದದ್ದು ಮೊಣಕೈ ದಾಟಿ ಸಿಕ್ಕಿಕೊಂಡಿತು. "ಒಗೆದೂ ಒಗೆದೂ ರವಿಕೇನೇ ಕುಗ್ಗಿರ್ತದೆ, ಒಂದು ಹೊಲಿಗೆ ಬಿಚ್ಚೋಣ" ಎಂದು ಅತ್ತಿಗೆ ಕತ್ತರಿ ತಂದರು. ಸಾಕ್ಷಿಯ ಮೇಲೆ ನನಗೆ ಅನುಮಾನವೇ ಬಂದಿರಲಿಲ್ಲ. ಕುಗ್ಗಿರಲೂಬಹುದು. ಹಾಗಿದ್ದರೆ ನಾನು ಹಿಡಿದಿರುವುದು ಎಂದೂ ಇರದಿದ್ದ ತೋಳಿನ ಅಳತೆ. ಆದರೂ ಅಳತೆ ಬದಲಿಸಲು ಮನಸ್ಸಾಗಲಿಲ್ಲ.

"ಇನ್ನೊಂದು ಬೆಳೆ ಹುಳ ಆಗ್ಲಿ ಅತ್ತಿಗೆ, ಆಮೇಲೆ ನೋಡಣ."

ಅವರು ಕತ್ತರಿಯನ್ನು ಕಿಟಕಿಯಲ್ಲಿಟ್ಟು, ಕೈ ಒರೆಸಿಕೊಂಡು ಬಂದು, ನನ್ನ ಕತ್ತಿನ ಬುಡದಿಂದ ಶುರುಮಾಡಿದರು.