ಕೋಳಿಗೂಡಿನ ಕಿಂಡಿ

ಟೆಕ್ಸಾಸಿನ ರೌಂಡ್ ರಾಕ್‌ನ ನಮ್ಮ ಬೀದಿಯಲ್ಲಿ ಕೋಳಿ ಸಾಕುತ್ತಿದ್ದದ್ದು ಎರಡೇ ಮನೆ. ಬೇಲಿಯ ಆಚೆ ಅಂಕಲ್, ಈಚೆ ನಾನು. ಅಂಕಲ್ ಧಾರವಾಡದ ಕಡೆಯ ನಿವೃತ್ತ ಡಾಕ್ಟರು. ಇಪ್ಪತ್ತು ಚಳಿಗಾಲ ಮಿನೆಸೋಟದ ಹಿಮದಲ್ಲಿ ಕಳೆದು, ಮೊಣಕಾಲು ನೋವೆಂದು ಇಲ್ಲಿಗೆ ಶಿಫ್ಟ್ ಆಗಿದ್ದರು. ಮಿನೆಸೋಟದಲ್ಲೂ ಕೋಳಿ ಸಾಕಿದ್ದರಂತೆ. ನಾನು ಮೈಸೂರಿನವಳು, ಮೊಟ್ಟೆಯನ್ನೂ ಮುಟ್ಟದ ಮನೆಯಲ್ಲಿ ಬೆಳೆದವಳು. ಅವರ ಕೋಳಿಗಳನ್ನು ಬೇಲಿಯ ಸಂದಿಯಿಂದ ನೋಡಿ ನೋಡಿ ಹುಚ್ಚು ಹಿಡಿದು ನಾನೂ ಎರಡು ತಂದಿದ್ದೆ. "ತಿನ್ನದವರ ಮನಿ ಸೇರ್ಯಾವ, ಪುಣ್ಯ ಮಾಡಿದ್ವು," ಎಂದು ಅಂಕಲ್ ನಗುತ್ತಿದ್ದರು.

ಶನಿವಾರ ಬೆಳಿಗ್ಗೆ ಅವರು ಚಹಾ, ನಾನು ಕಾಫಿ ಹಿಡಿದು ಬೇಲಿಯ ಹತ್ತಿರ ನಿಂತರೆ ಕೋಳಿ ಬಿಟ್ಟು ಬೇರೆ ಮಾತಿಲ್ಲ. ಯಾವುದು ಪುಕ್ಕ ಉದುರಿಸುತ್ತಿದೆ, ಯಾವುದು ಕಾವಿಗೆ ಕೂತು ಏಳುತ್ತಿಲ್ಲ, ಯಾವುದರ ಮೊಟ್ಟೆಯ ಸಿಪ್ಪೆ ತೆಳುವಾಗಿದೆ. "ಪೇರೆಂಟ್ಸ್ ಮೀಟಿಂಗ್ ಮುಗೀತಾ?" ಎಂದು ನನ್ನ ಗಂಡ ಅಡುಗೆಮನೆಯ ಕಿಟಕಿಯಿಂದ ಕಿಚಾಯಿಸುತ್ತಿದ್ದರು.

ಅಂಕಲ್ ಬಳಿ ನಾಲ್ಕು ಕೋಳಿ. ಅದರಲ್ಲಿ ಒಂದಕ್ಕೆ ವಯಸ್ಸಾಗಿತ್ತು. ಅವರು ಅದನ್ನು ಮುದುಕಿ ಎಂದೇ ಕರೆಯುತ್ತಿದ್ದರು. ಮೊಟ್ಟೆ ಇಡುವುದು ಬಿಟ್ಟು ಎರಡು ವರ್ಷವಾಗಿದ್ದರೂ, ಬೇರೆ ಕೋಳಿ ಮೊಟ್ಟೆ ಇಟ್ಟಾಗಲೆಲ್ಲ ಮುದುಕಿಯೇ ಮೊದಲು ಕೂಗಿ ಊರಿಗೆಲ್ಲ ಸಾರುತ್ತಿತ್ತು. ದನಿ ಮಾತ್ರ ಗೊಗ್ಗರು. ಅಂಕಲ್ ಕುರ್ಚಿ ಹಾಕಿಕೊಂಡು ಕೂತರೆ ಅದು ಅವರ ಚಪ್ಪಲಿಯ ಮೇಲೆ ಬಂದು ಕೂರುತ್ತಿತ್ತು.

ನಮ್ಮಿಬ್ಬರಿಗೆ ಜಗಳವೆಂದರೆ ಒಂದೇ ವಿಷಯಕ್ಕೆ. ಅವರ ಗೂಡಿಗೆ ಸೂರಿನ ಕೆಳಗೆ ಎರಡೂ ಕಡೆ ಗೇಣುದ್ದದ ಕಿಂಡಿ, ಅದಕ್ಕೆ ಬರೀ ತಂತಿಯ ಬಲೆ. "ಚಳಿಗಾಲದಲ್ಲಾದ್ರೂ ಅದನ್ನ ಮುಚ್ಚಿ ಅಂಕಲ್, ಪಾಪ," ಎನ್ನುತ್ತಿದ್ದೆ.

"ಥಂಡಿಗೆ ಅವಕ್ಕ ಪುಕ್ಕ ಅದಾವ ತಂಗಿ. ಉಸಿರಿನ ಆವಿ ಒಳಗs ನಿಂತರ ಅದಕ್ಕೇನು ಮಾಡ್ಯಾವು? ಮಿನೆಸೋಟದಾಗೂ ನಾ ಕಿಂಡಿ ಮುಚ್ಚಿಲ್ಲ."

ನನಗೆ ಯಾರಾದರೂ ತಿಳಿಹೇಳಲು ಬಂದರೆ ಮೂಗಿನ ತುದಿಯಲ್ಲೇ ಸಿಟ್ಟು. ಇವರಿಗೆ ಸೋಮಾರಿತನ, ಅದಕ್ಕೆ ಡಾಕ್ಟರಿಕೆಯ ಬಣ್ಣ ಬಳಿಯುತ್ತಾರೆ ಎಂದುಕೊಂಡು ಸುಮ್ಮನಾಗುತ್ತಿದ್ದೆ.

ಆ ಡಿಸೆಂಬರಿನಲ್ಲಿ ಅವರ ಹೊಟ್ಟೆಯಲ್ಲಿ ಗಡ್ಡೆ ಸಿಕ್ಕಿತು. ಹ್ಯೂಸ್ಟನ್ನಿನ ಆಸ್ಪತ್ರೆಗೆ ಹೊರಟ ದಿನ ಅವರ ಹೆಂಡತಿ, ಆಂಟಿ, ಆಗಲೇ ಕಾರಿನಲ್ಲಿ ಕೂತಾಗಿತ್ತು. ಅಂಕಲ್ ಮಾತ್ರ ಗೂಡಿನ ಕೀಲಿ ಕೊಡಲು ಬೇಲಿಯವರೆಗೆ ನಡೆದು ಬಂದರು. ಮುಖ ಅರ್ಧ ಆಗಿಹೋಗಿತ್ತು. "ನಾ ಬರೂತನಾ ಮುದುಕೀನ ಕಾಯವಾ. ಬಂದು ಆಕೀನ ನೋಡಬೇಕು," ಎಂದರು. ನಾನು ಆಗಲಿ ಎಂದೆ.

ಅವರು ಹೋದ ಮೂರನೆಯ ವಾರ ಮಂಜುಗಡ್ಡೆಯ ಮಳೆ ಬಂತು. ರಸ್ತೆಗಳೆಲ್ಲ ಗಾಜಾದವು. ಸ್ಕೂಲು, ಆಫೀಸು ಎಲ್ಲ ಬಂದ್. ನಾನು ನನ್ನ ಎರಡು ಕೋಳಿಗಳನ್ನು ಗರಾಜಿಗೆ ತಂದೆ. ಅಂಕಲ್ ಗೂಡಿನ ಕಿಂಡಿಗಳಿಗೆ ಹಳೆಯ ಟವೆಲ್ ತುರುಕಿ, ಸುತ್ತಲೂ ಪ್ಲಾಸ್ಟಿಕ್ ಹಾಳೆ ಬಿಗಿದು, ಅದರ ಮೇಲೆ ರಜಾಯಿ ಹೊದಿಸಿದೆ. ಕೆಲಸ ಮುಗಿಸಿ ಸೊಂಟದ ಮೇಲೆ ಕೈಯಿಟ್ಟು ನೋಡಿದೆ. ಕೊನೆಗೂ ಈ ಗೂಡನ್ನು ಸರಿಮಾಡಿದೆನಲ್ಲ ಎಂದು ನನಗೆ ಖುಷಿಯೇ ಆಗಿತ್ತು.

ಎರಡು ದಿನದ ನಂತರ ಬೆಳಿಗ್ಗೆ ಬಾಗಿಲು ತೆರೆದಾಗ ಹಿಕ್ಕೆಯ ಘಾಟು ಕಣ್ಣಿಗೆ ಹೊಡೆಯಿತು. ಒಳಗಿನ ಗೋಡೆಗಳಿಂದ ನೀರು ಇಳಿಯುತ್ತಿತ್ತು. ಮೂರು ಕೋಳಿಗಳು ಬಾಯಿ ತೆರೆದು ಉಸಿರಾಡುತ್ತಿದ್ದವು, ಜುಟ್ಟಿನ ತುದಿಗಳು ಕಪ್ಪಾಗಿದ್ದವು. ಮುದುಕಿ ಕೆಳಗೆ ಒದ್ದೆ ಹುಲ್ಲಿನ ಮೇಲೆ ಬಿದ್ದಿತ್ತು. ಎತ್ತಿಕೊಂಡರೆ ಅದರ ಪುಕ್ಕವೆಲ್ಲ ತೇವ. ಅದನ್ನು ಎದೆಗೆ ಅವಚಿಕೊಂಡು ಅಲ್ಲೇ ಕೂತು ಅತ್ತೆ. ಓಕ್ ಮರದ ಕೆಳಗೆ ಅಗೆದರೆ ಎರಡು ಗೇಣಿಗೆ ಬರೀ ಕಲ್ಲು. ಹೇಗೋ ಮಣ್ಣು ಮಾಡಿದೆ. ಇಷ್ಟಾದರೂ ನನ್ನ ಮೊಂಡು ಬುದ್ಧಿಗೆ, ಅದನ್ನು ಕೊಂದದ್ದು ಚಳಿಯೇ ಎನಿಸಿತು. ಟವೆಲ್‌ಗಳನ್ನು ಇನ್ನಷ್ಟು ಒತ್ತಿ ತುರುಕಿದೆ.

ಮಧ್ಯಾಹ್ನ ಹ್ಯೂಸ್ಟನ್ನಿನಿಂದ ಫೋನ್ ಬಂತು. ಆಂಟಿ ನಂಬರ್ ಒತ್ತಿ ಅಂಕಲ್ ಕೈಗೆ ಕೊಟ್ಟಿದ್ದರು. ಅವರ ದನಿ ತೀರ ಇಳಿದಿತ್ತು.

"ಮುದುಕಿ ಹೆಂಗಿದ್ದಾಳವಾ?"

"ಚೆನ್ನಾಗಿದೆ ಅಂಕಲ್," ಎಂದೆ. ಬೇರೇನು ಹೇಳಲಿ? ಆಪರೇಷನ್ ಮಾಡಿಯೂ ಉಪಯೋಗವಿಲ್ಲ ಎಂದು ಹಿಂದಿನ ದಿನ ಆಂಟಿ ನನಗೆ ಹೇಳಿದ್ದರು.

"ಒಂದೀಟು ಆಕಿ ದನಿ ಕೇಳಸು."

ಕಾರ್ಡ್‌ಲೆಸ್ ಫೋನ್ ಹಿಡಿದು, ಜಾರುವ ಹುಲ್ಲಿನ ಮೇಲೆ ಗೂಡಿನವರೆಗೂ ಹೋದೆ. ಕಂದು ಕೋಳಿಯ ಮುಂದೆ ಜೋಳದ ಕಾಳು ಆಡಿಸಿದಾಗ ಅದು ಕೊಕ್ಕೊಕ್ ಎಂದಿತು. ಫೋನಿನಲ್ಲಿ ಗರಗರ ಸದ್ದು ಬೇರೆ, ಯಾವ ಕೋಳಿಯೆಂದು ಯಾರಿಗೆ ಗೊತ್ತಾಗುತ್ತದೆ ಎಂದು ನನ್ನ ಲೆಕ್ಕಾಚಾರ.

"ಸಾಕವಾ," ಎಂದರು ಅಂಕಲ್. ಆಮೇಲೆ, "ಮ್ಯಾಲಿನ ಕಿಂಡಿ ತೆರೆದಿಡು ತಂಗಿ. ಈಗs ಹೋಗಿ ತೆರೆದುಬಿಡು. ನೀ ಆರಾಮಿರು," ಎಂದು ಫೋನ್ ಆಂಟಿಗೆ ಕೊಟ್ಟರು.

ಅಂಥ ಸ್ಥಿತಿಯಲ್ಲೂ ಅದೇ ಪಾಠವಲ್ಲ ಎಂದು ನನಗೆ ಒಳಗೊಳಗೇ ಸಿಡುಕು. ಆದರೂ ಅವರ ಮಾತಿಗೆ ಟವೆಲ್‌ಗಳನ್ನು ಕಿತ್ತೆ, ಪ್ಲಾಸ್ಟಿಕ್ ಹರಿದೆ. ಮರುದಿನ ಗೋಡೆ ಒಣಗಿತ್ತು. ಮೂರೂ ಕೋಳಿಗಳು ಕಾಳಿಗೆ ಓಡಿ ಬಂದವು. ಚಳಿ ಇನ್ನೂ ಹಾಗೆಯೇ ಇತ್ತು. ಮುದುಕಿಯನ್ನು ಕೊಂದದ್ದು ನಾನು.

ಎಂಟು ದಿನಕ್ಕೆ ಅಂಕಲ್ ತೀರಿಕೊಂಡರು. ಆಂಟಿ ಮನೆಗೆ ಮರಳಿದ ಮೇಲೆ, ನೆಂಟರೆಲ್ಲ ಡಾಲಸ್ಸಿಗೆ ಹೊರಟ ಮರುದಿನ, ನಾನು ಹೋಗಿ ಎಲ್ಲ ಹೇಳಿದೆ. ಕಿಂಡಿ ಮುಚ್ಚಿದ್ದು, ಮುದುಕಿ ಸತ್ತದ್ದು, ಸುಳ್ಳು ದನಿ ಕೇಳಿಸಿದ್ದು. ಆಂಟಿ ನನ್ನ ಕೈ ಹಿಡಿದುಕೊಂಡರು.

"ಅವರಿಗೆ ಗೊತ್ತಿತ್ತು ರೀ," ಎಂದರು. "ಫೋನ್ ನನ್ನ ಕೈಯಾಗ ಕೊಟ್ಟು, 'ಅದು ಮುದುಕಿ ದನಿ ಅಲ್ಲ, ಕಂದು ಕೋಳೀದು. ಮುದುಕಿ ಹೋಗ್ಯಾಳ. ಆ ಹುಡುಗಿಗೆ ಏನೂ ಕೇಳಬ್ಯಾಡ, ಆಕಿ ಒಬ್ಬಾಕಿನs ಥಂಡ್ಯಾಗ ನಿಂತು ಅಳ್ತಾಳ' ಅಂದ್ರು."

ಆಂಟಿಯೇ ಮತ್ತೆ ಹೇಳಿದರು, "ಆಮ್ಯಾಲೆ ಗ್ವಾಡಿ ಕಡೆ ಹೊಳ್ಳಿ ಮಲಕ್ಕೊಂಡ್ರು. ಅವತ್ತ ಊಟ ಮಾಡಲಿಲ್ಲ."